ಅಸಲಿನೊಂದಿಗೆ ತಾಳೆ ನೋಡಲಾಗಿದೆ

ನಮ್ಮ ಗುಮಾಸ್ತರ ಕೈಯಿಂದ ಇಪ್ಪತ್ತಾರು ವರ್ಷಗಳಲ್ಲಿ ಒಂದೇ ಒಂದು ತಪ್ಪು ನಕಲು ಹೊರಬಿದ್ದಿರಲಿಲ್ಲ. ದಾಖಲೆ ಕಚೇರಿಯ ನಕಲು ವಿಭಾಗದಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂತು, ಎಡಕ್ಕೆ ಅಸಲು ಬಲಕ್ಕೆ ನಕಲು ಹರಡಿಕೊಂಡು, ಎರಡರ ಮೇಲೂ ಎರಡು ತೋರುಬೆರಳುಗಳನ್ನು ಜೋಡೆತ್ತಿನಂತೆ ಸಮನಾಗಿ ನಡೆಸಿಕೊಂಡು ಹೋಗುವರು. ಕೊನೆಯ ಚುಕ್ಕೆಯಲ್ಲಿ ಎರಡು ಬೆರಳೂ ಒಟ್ಟಿಗೆ ನಿಂತರೆ ಮಾತ್ರ ಮೊಹರು ಮೇಲೇಳುವುದು. ‘ಅಸಲಿನೊಂದಿಗೆ ತಾಳೆ ನೋಡಲಾಗಿದೆ. ಸರಿಯಿದೆ.’ ಅದು ಕಾಗದದ ಮೇಲೆ ಬೀಳುವ ಸದ್ದಿಗೆ ಪಕ್ಕದ ವಿಭಾಗದಲ್ಲಿ ತೂಕಡಿಸುತ್ತಿದ್ದವರು ಎಚ್ಚೆತ್ತು ಕಡತ ತೆರೆಯುತ್ತಿದ್ದರು.

ಅಸಲಿನಲ್ಲಿ ‘ಗಂಡ’ ಎಂದಿರಬೇಕಾದದ್ದು ‘ಗುಂಡ’ ಎಂದಿದ್ದರೆ ನಕಲಿನಲ್ಲೂ ಗುಂಡನೇ ಇರಬೇಕು. ಹೆಂಗಸು ಬಂದು ಗೋಳಾಡಿದರೂ ಅಷ್ಟೆ. “ತಿದ್ದೋಕೆ ನಾವ್ಯಾರಮ್ಮ? ಅಸಲು ನಿಜವೋ ಸುಳ್ಳೋ ಅದು ನಮ್ಮ ವಿಭಾಗಕ್ಕೆ ಬರಲ್ಲ. ತಾಳೆ ಆದ್ರೆ ಮುಗೀತು.”

ಅವರ ಜೀವನದ ಒಂದೇ ಕೊರಗೆಂದರೆ ಒಂದು ಗುಡಿಸು. ಜನ ಅವರನ್ನು ‘ನಕಲಿ ಗುಮಾಸ್ತರು’ ಎನ್ನುತ್ತಿದ್ದರು. “ನಕಲಿ ಅಲ್ಲ ರೀ, ನಕಲು. ಲು. ಕೊಂಬು,” ಎಂದು ದಿನಕ್ಕೆ ಹತ್ತು ಸಲವಾದರೂ ತಿದ್ದುತ್ತಿದ್ದರು. ಜನ “ಹೌದಾ, ಸರಿ ಬಿಡಿ ನಕಲಿ ಗುಮಾಸ್ತರೇ,” ಎಂದು ಒಪ್ಪಿಕೊಳ್ಳುತ್ತಿದ್ದರು.

ಇಂಥವರ ಬಾಳಿನೊಳಕ್ಕೆ ಕೈಗಡಿಯಾರ ಬಂದದ್ದು ಹೊಸ ಅಧಿಕಾರಿಗಳ ಮೂಲಕ. ಅವರು ಕೀಲಿ ಕೊಡುವ ಹಳೆಯ ಕಾಲದ ವಾಚು ಕಟ್ಟುತ್ತಿದ್ದರು. ಮೊದಲ ಸಭೆಯಲ್ಲಿ ಏನೋ ಹೇಳಹೊರಟವರು ನಡುವೆ ನಿಲ್ಲಿಸಿ, ಮಣಿಕಟ್ಟನ್ನು ಎತ್ತಿ, ವಾಚಿನ ಪಕ್ಕದ ಕೀಲಿಯ ಗುಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ನಿಧಾನವಾಗಿ ಏಳೆಂಟು ಸಲ ತಿರುವಿದರು. ಕಿರ್‌ರ್, ಕಿರ್‌ರ್. ಕಚೇರಿಗೆ ಕಚೇರಿಯೇ ಉಸಿರು ಹಿಡಿದು ಆ ಕಿರ್‌ರ್ ಕೇಳಿತು. ಗುಮಾಸ್ತರಿಗೆ ಆ ವಾಚಿಗಿಂತ ಹೆಚ್ಚಾಗಿ ಆ ಮೌನ ಬೇಕೆನಿಸಿತು.

ಆನ್‌ಲೈನಿನಲ್ಲಿ ಹುಡುಕಿದರು. ಅದೇ ಕಂಪನಿಯ, ಅದೇ ಕಾಲದ ವಾಚು ಒಂದು ಜೊತೆ ಚಪ್ಪಲಿಯ ಬೆಲೆಗೆ ಸಿಕ್ಕಿತು. ಕೆಳಗೆ ‘ಅಪ್ಪಟ ಅಸಲಿ’ ಎಂದು ಬರೆದಿತ್ತು.

“ಅಸಲಿ ಆದ್ರೆ ಚಪ್ಪಲಿ ಬೆಲೆಗೆ ಯಾಕ್ರೀ ಕೊಡ್ತಾನೆ?” ಎಂದರು ಹೆಂಡತಿ.

“ಅದರ ಬೆಲೆ ಅವನಿಗೆ ಗೊತ್ತಿಲ್ಲ ಕಣೇ.”

“ಗೊತ್ತಿಲ್ಲದೋನು ಅಪ್ಪಟ ಅಸಲಿ ಅಂತ ಯಾಕೆ ಬರೆದ?”

ಹೆಂಡತಿಯ ಎರಡನೆಯ ಪ್ರಶ್ನೆಗೆ ಉತ್ತರ ಕೊಡುವ ಪದ್ಧತಿ ಗುಮಾಸ್ತರಿಗಿರಲಿಲ್ಲ.

ಹಾಗೆಂದು ಅವರೇನು ಕಣ್ಣು ಮುಚ್ಚಿ ಕೊಂಡವರಲ್ಲ. ನಕಲಿ ವಾಚನ್ನು ಪತ್ತೆಹಚ್ಚುವುದು ಹೇಗೆಂದು ಒಂದು ವಾರ ಓದಿದರು. ಮುಖದ ಮೇಲಿನ ಅಕ್ಷರ ದಪ್ಪವಾಗಿ ಹರಡಿದೆಯೇ ನೋಡಿ. ಐವತ್ತು ವರ್ಷದ ವಾಚಿನ ಮುಖ ನಿನ್ನೆ ಸುಣ್ಣ ಹೊಡೆದ ಗೋಡೆಯಂತೆ ಹೊಳೆದರೆ ಅನುಮಾನಪಡಿ. ಮುಳ್ಳುಗಳ ಉದ್ದ ನೋಡಿ. ಬೆನ್ನು ಬಿಚ್ಚಿಸಿ ನೋಡಿ. ಎಲ್ಲ ಒಳ್ಳೆಯ ಸಲಹೆಗಳೇ. ಗುಮಾಸ್ತರು ಅಷ್ಟನ್ನೂ ಓದಿ ಕಟ್ಟಕಡೆಗೆ ತೆಗೆದ ಸಾರಾಂಶ ಒಂದೇ ಸಾಲಿನದು: ಅಸಲಿನೊಂದಿಗೆ ತಾಳೆ ನೋಡತಕ್ಕದ್ದು.

ತಾಳೆ ನೋಡಲು ಅಸಲು ಬೇಕಲ್ಲ? ಮಾರುವವನಿಗೇ ಬರೆದರು: ‘ಮಾನ್ಯರೇ, ಹೋಲಿಕೆಗಾಗಿ ಕಂಪನಿಯ ಅಸಲು ವಾಚಿನ ಚಿತ್ರ ಕಳುಹಿಸಬೇಕಾಗಿ ಕೋರಿಕೆ.’ ಕಾಲು ಗಂಟೆಯಲ್ಲಿ ಇನ್ನೊಂದು ಚಿತ್ರ ಬಂತು. ‘ಇದು ಒರಿಜಿನಲ್ ಬಾಸ್. ನಿಮಗೆ ಬರೋದು ಮೊದಲನೇದು. ಎರಡೂ ಸೇಮ್.’

ಎರಡನ್ನೂ ಒಂದೇ ಹಾಳೆಯಲ್ಲಿ ಎಡಬಲ ಅಚ್ಚು ಹಾಕಿಸಿ, ಮೇಜಿನ ಮೇಲಿಟ್ಟು, ಭೂತಗನ್ನಡಿ ಹಿಡಿದು ಜೋಡೆತ್ತು ಹೂಡಿದರು. ಅಕ್ಷರ ತಾಳೆ. ಮುಳ್ಳು ತಾಳೆ. ಕೊನೆಗೆ ನಾಲ್ಕರ ಅಂಕಿಯ ಹತ್ತಿರ ಬಂದಾಗ ಅವರ ಮೈ ಜುಮ್ಮೆಂದಿತು. ಎಡಗಡೆಯ ವಾಚಿನಲ್ಲಿ ಅಲ್ಲೊಂದು ಬೆಕ್ಕಿನ ಮೀಸೆಯಷ್ಟು ಸಣ್ಣ ಗೀರು. ಬಲಗಡೆಯ ವಾಚಿನಲ್ಲೂ ಅದೇ ಜಾಗದಲ್ಲಿ, ಅದೇ ಉದ್ದದ, ಅದೇ ವಾಲಿನ ಗೀರು!

“ಗೀರು ಸಮೇತ ತಾಳೆ ಆಗಿದೆ ಕಣೇ!” ಎಂದು ಮನೆಗೆ ಬಂದು ಕೂಗಿದರು.

“ಕಂಪನಿಯೋರು ಗೀರು ಹಾಕಿ ಮಾರ್ತಾರಾ?”

“ಗುರುತಿಗೆ ಹಾಕಿರ್ತಾರೆ. ನೋಟಿನಲ್ಲಿ ದಾರ ಇರಲ್ವಾ, ಹಾಗೆ.”

ಆ ಹಾಳೆಗೆ ಅವರು ಕಚೇರಿಯ ಮೊಹರನ್ನು ಒತ್ತಿಯಾಗಿತ್ತು. ಕೈ ತಡೆಯಲಿಲ್ಲ.

ವಾಚು ಬಂದ ಮೇಲೆ ಬೀದಿಯಲ್ಲಿ ಗುಮಾಸ್ತರ ಅಂಗಿಯ ಅರ್ಧ ತೋಳು ಇನ್ನೂ ಎರಡು ಅಂಗುಲ ಗಿಡ್ಡವಾಯಿತು. ಅಸಲಿ ನಕಲಿ ಕಂಡುಹಿಡಿಯುವ ವಿದ್ಯೆ ಇವರಿಗೆ ಕರಗತವೆಂಬ ಸುದ್ದಿ, ಅವರೇ ಹೇಳಿದ್ದರಿಂದ, ಬೇಗ ಹಬ್ಬಿತು. ಮೊದಲು ಎದುರುಮನೆಯ ಟೀಚರಮ್ಮ ತಮ್ಮ ವಾಚು ತಂದರು. ಗುಮಾಸ್ತರು ಭೂತಗನ್ನಡಿಯಲ್ಲಿ ಸೀದಾ ನಾಲ್ಕರ ಹತ್ತಿರ ನೋಡಿದರು.

“ಗೀರಿಲ್ಲ.”

“ಗೀರಿಲ್ಲದೆ ಇರೋದು ಒಳ್ಳೇದಲ್ವಾ?”

“ಅಲ್ಲೇ ಎಲ್ಲರೂ ಮೋಸ ಹೋಗೋದು ಟೀಚರಮ್ಮ.”

ಹತ್ತು ದಿನದಲ್ಲಿ ಬೀದಿಯ ಒಂಬತ್ತು ವಾಚುಗಳು ನಕಲಿಯಾದವು. ದರ್ಜಿಯೊಬ್ಬ ಮಾತ್ರ ಸಂತೋಷಪಟ್ಟ. “ಹಾಗಾದ್ರೆ ಇದನ್ನ ನಮ್ಮ ಭಾವನಿಗೆ ಕೊಟ್ಬಿಡ್ತೀನಿ. ಏನಾದ್ರೂ ಕೊಡು, ಏನಾದ್ರೂ ಕೊಡು ಅಂತಿದ್ದ.”

ಸುದ್ದಿ ಅಧಿಕಾರಿಗಳ ಕಿವಿಗೂ ಬಿತ್ತು. ಒಂದು ಮಧ್ಯಾಹ್ನ ಎಲ್ಲರೂ ಇದ್ದಾಗ ನಗುತ್ತ ಮಣಿಕಟ್ಟು ಚಾಚಿದರು. “ನಮ್ಮದೂ ನೋಡಿ, ಒಂದು ಸೀಲು ಹೊಡೀರಿ.” ಬೇರೆ ಯಾವನಾದರೂ ಆಗಿದ್ದರೆ ಹಲ್ಲು ಕಿರಿದು ‘ಇದನ್ನೇನು ನೋಡೋದು ಸಾರ್’ ಎಂದು ಬದುಕಿಕೊಳ್ಳುತ್ತಿದ್ದ. ಗುಮಾಸ್ತರಿಗೆ ತಾಳೆ ನೋಡುವಾಗ ಹಲ್ಲು ಕಿರಿದು ಅಭ್ಯಾಸವಿಲ್ಲ.

“ಸಾರ್... ಗೀರಿಲ್ಲ.”

“ಇದು ನಮ್ಮ ತಂದೆಯವರದು.”

“ತಂದೆಯವರಿಗೆ ಯಾರೋ ಟೋಪಿ ಹಾಕಿದ್ದಾರೆ ಸಾರ್.”

ಅಧಿಕಾರಿಗಳು ತೋಳನ್ನು ಕೆಳಗಿಳಿಸಿ ಗುಂಡಿ ಹಾಕಿಕೊಂಡರು. ಅಂದಿನಿಂದ ಅವರು ಹೊತ್ತು ಬೇಕಾದಾಗ ಗೋಡೆಯ ಗಡಿಯಾರ ನೋಡತೊಡಗಿದರು. ಅದು ಕೆಟ್ಟು ಎರಡು ವರ್ಷವಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾಲ್ಕು ದಿನ ಮುಖ ಊದಿಸಿಕೊಂಡು ಎಲ್ಲರೂ ಮರೆಯುತ್ತಿದ್ದರು. ಆದರೆ ಮನೆಯಲ್ಲಿ ಮಾವನವರಿದ್ದರು.

ಹೆಂಡತಿಯ ತಂದೆ ಒಂದು ಕಾಲದಲ್ಲಿ ನೂಲಿನ ಗಿರಣಿಯಲ್ಲಿ ಹೊತ್ತು ನೋಡಿ ಸೈರನ್ ಊದುತ್ತಿದ್ದವರು. ಬೆಳಗಿನ ಎಂಟಕ್ಕೆ ಊದಿದರೆ ಗಿರಣಿಯ ಗೇಟು ಮುಚ್ಚಬೇಕು, ಹೊರಗುಳಿದವನು ಹೊರಗೇ. ‘ಸೈರನ್ ಸಾಹೇಬರು’ ಎಂದರೆ ಆ ಸುತ್ತಿನಲ್ಲಿ ಅನ್ನ ಬೇಯುವುದೂ ಅವರ ಅಪ್ಪಣೆಯಿಂದಲೇ. ಆ ಕೆಲಸಕ್ಕೆಂದು ಗಿರಣಿಯವರು ಕಟ್ಟಿದ ವಾಚು ಈಗಲೂ ಅವರ ಕೈಯಲ್ಲಿತ್ತು. ದಿನಾ ರೇಡಿಯೊ ಸುದ್ದಿಯ ಮುಂಚಿನ ಸದ್ದಿಗೆ ಸರಿಯಾಗಿ ಅದನ್ನು ಕಣ್ಣೆದುರು ಹಿಡಿದು, ‘ಹೂಂ, ರೇಡಿಯೊ ಸರಿಯಾಗಿದೆ’ ಎಂದು ಪ್ರಮಾಣೀಕರಿಸುವರು.

ಊಟ ಮುಗಿಸಿ ಕೂತಾಗ ಮಾವನವರು ಸ್ವಲ್ಪ ಗರ್ವದಿಂದಲೇ ವಾಚು ಬಿಚ್ಚಿದರು. “ಊರೆಲ್ಲ ನೋಡಿದ್ರಿ. ನಮ್ಮದನ್ನೂ ಒಂದ್ಸಲ ನೋಡ್ಬಿಡಿ ಅಳಿಯಂದಿರೇ.”

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ನಿಂತು ಬೇಡ ಬೇಡವೆಂದು ತಲೆಯಾಡಿಸಿದರು. ಗುಮಾಸ್ತರು ತಲೆಯನ್ನೂ ನೋಡಿದರು, ಸೌಟನ್ನೂ ನೋಡಿದರು. ಆಮೇಲೆ ನಾಲ್ಕರ ಅಂಕಿಯನ್ನು ನೋಡಿದರು.

“ಗೀರಿಲ್ಲ ಮಾವ.”

ಮಾವನವರು ವಾಚನ್ನು ವಾಪಸು ತೆಗೆದುಕೊಂಡು ಅಂಗೈಯಲ್ಲಿ ಹಿಡಿದರು. ಆಮೇಲೆ, “ಮೂವತ್ತೊಂದು ವರ್ಷ ಇದನ್ನ ನೋಡಿ ಊದಿದೀನಿ. ಹಾಗಾದ್ರೆ ನಾನು ಊದಿದ್ದೆಲ್ಲ ಸುಳ್ಳು ಹೊತ್ತಾ?” ಎಂದರು.

“ಹಾಗಲ್ಲ ಮಾವ... ಹೊತ್ತು ಬೇರೆ, ವಾಚು ಬೇರೆ...”

“ಸಾಕು,” ಎಂದರು ಹೆಂಡತಿ. ಸೌಟು ಪಾತ್ರೆಗೆ ಬಿದ್ದ ಸದ್ದು ಕಚೇರಿಯ ಮೊಹರನ್ನು ಮೀರಿಸುವಂತಿತ್ತು.

ಮರುದಿನ ಮಾವನವರು ರೇಡಿಯೊ ಹಾಕಲಿಲ್ಲ. ವಾಚನ್ನು ಕನ್ನಡಕದ ಡಬ್ಬಿಯೊಳಗಿಟ್ಟು, ಕೊಡೆ ಹಿಡಿದು ಹೊರಟರು. ಹೋಗಿದ್ದು ತಡಪ್ಪನ ಮನೆಗೆ.

ತಡಪ್ಪನೆಂದು ಯಾರೂ ಮಗನಿಗೆ ಹೆಸರಿಡುವುದಿಲ್ಲ. ಗಿರಣಿಗೆ ಸೇರಿದ ಹೊಸದರಲ್ಲಿ ಒಂದೇ ತಿಂಗಳು ಮೂರು ಸಲ ಗೇಟು ಅವನ ಮೂಗಿನ ಮುಂದೆ ಮುಚ್ಚಿಕೊಂಡಿತ್ತು. ಯಾರೋ ತಡಪ್ಪ ಎಂದರು. ಹೆಸರು ಅಂಟಿಕೊಂಡಿತು. ಗಿರಣಿ ಮುಚ್ಚಿದರೂ ಹೆಸರು ಮುಚ್ಚಲಿಲ್ಲ. ಮೊನ್ನೆ ಮೊನ್ನೆ ಮೊಮ್ಮಗಳು ಶಾಲೆಯ ಪುಸ್ತಕದಲ್ಲಿ ‘ನನ್ನ ಕುಟುಂಬ’ ಎಂಬಲ್ಲಿ ಅಜ್ಜನ ಹೆಸರು ತಡಪ್ಪ ಎಂದೇ ದುಂಡಗೆ ಬರೆದಿದ್ದಳು.

ಇಂಥವನ ಬಾಗಿಲಲ್ಲಿ ನಿಂತು ಸೈರನ್ ಸಾಹೇಬರು, “ತಪ್ಪು ನಂದೇ ಇರಬಹುದು ಕಣಪ್ಪ. ನನ್ನ ವಾಚು ನಕಲಿಯಂತೆ. ನಮ್ಮ ಅಳಿಯಂದಿರು ಹೇಳಿದ್ರು, ಸೀಲು ಹೊಡೆಯೋರು,” ಎಂದರು.

ಅಂದು ಸಂಜೆ ಗುಮಾಸ್ತರು ಚಪ್ಪಲಿ ಬಿಡುವುದರೊಳಗೆ ಜಗುಲಿಯಲ್ಲಿ ಮೂವರು ಮುದುಕರು ಕೂತಿದ್ದರು. ನಡುವೆ ಕೂತಿದ್ದ ತಡಪ್ಪ ಎದ್ದು ಕೈ ಮುಗಿದ.

“ನಕಲಿ ಗುಮಾಸ್ತರು ತಾವೇನಾ?”

“ನಕಲು. ಲು.”

“ಆಗ್ಲಿ ಸ್ವಾಮಿ. ನಾನು ತಡವಾಗಿ ಬಂದಿಲ್ಲ ಅಂತ ಬರ್ದು ಸೀಲು ಹೊಡೆದು ಕೊಡಿ.”

“ಯಾವಾಗ?”

“ಮೂವತ್ತು ವರ್ಷದ ಹಿಂದೆ.”

“ಕೇಳೋಕೆ ಮಾತ್ರ ಸರಿಯಾದ ಹೊತ್ತಿಗೆ ಬಂದ ನೋಡಿ,” ಎಂದ ಜೊತೆಯವನೊಬ್ಬ.

“ನೀನು ಸುಮ್ನಿರೋ. ನಿನಗೆ ಅಪ್ಪ ಇಟ್ಟ ಹೆಸರಿದೆ, ನೀನು ನಗ್ತೀಯ.” ತಡಪ್ಪ ಗುಮಾಸ್ತರ ಕಡೆ ತಿರುಗಿದ. “ಆವತ್ತು ಓಡೋಡಿ ಬಂದಿದ್ದೆ ಸ್ವಾಮಿ. ಗೇಟಿನ ಕಂಬಿ ಹಿಡ್ಕೊಂಡು ಹೇಳ್ದೆ, ಎಂಟಾಗಿಲ್ಲ, ಎಂಟಾಗಿಲ್ಲ ಅಂತ. ಯಾರು ಕೇಳ್ತಾರೆ? ನನ್ನ ಹತ್ರ ವಾಚಿರ್ಲಿಲ್ಲ. ನಿನ್ನೆ ಸಾಹೇಬ್ರು ಬಂದು ಹೇಳಿದ ಮೇಲೆ ಮೊಮ್ಮಗಳನ್ನ ಕೂರಿಸ್ಕೊಂಡು ಪುಸ್ತಕದಲ್ಲಿ ತಡಪ್ಪನ್ನ ಹೊಡೆದು ಹಾಕ್ಸಿದೀನಿ.”

ಅವನು ಹೇಳಿದ್ದರಲ್ಲಿ ಒಂದು ತಪ್ಪಿತ್ತು. ಸಾಹೇಬರು ಬಂದದ್ದು ನಿನ್ನೆಯಲ್ಲ, ಆ ಬೆಳಿಗ್ಗೆಯೇ. ಸಂತೋಷದಲ್ಲಿ ಅವನಿಗೆ ಅದು ಬಹಳ ದಿನವಾದಂತೆ ಕಂಡಿರಬೇಕು.

ಚಹಾ ತಂದಿಟ್ಟ ಹೆಂಡತಿಯೇ ತೀರ್ಪು ಕೊಟ್ಟರು. “ಇವರ ಮಾತು ಕೇಳಿ ಯಾರೂ ಹೆಸರು ಬದಲಾಯಿಸ್ಕೋಬೇಡಿ. ನಾಳೆ ಎಲ್ಲ ವಾಚು ತಗೊಂಡು ರಿಪೇರಿಯವನ ಹತ್ರ ಹೋಗೋಣ. ನೀವೂ ಬನ್ನಿ ರೀ. ಮುಂದೆ ನಡೀರಿ.”

ವಾಚು ರಿಪೇರಿಯ ಅಂಗಡಿ ಎಂದರೆ ಒಂದು ಮಹಡಿ ಮೆಟ್ಟಿಲ ಕೆಳಗಿನ ಮುಕ್ಕೋನ. ಅಷ್ಟರೊಳಗೆ ಒಂದು ಗಾಜಿನ ಪೆಟ್ಟಿಗೆ, ಒಂದು ದೀಪ, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡ ರಿಪೇರಿಯವನು ಮತ್ತು ಒಂದು ಸ್ಟೂಲು. ಸ್ಟೂಲಿನ ಮೇಲೆ ಅಧಿಕಾರಿಗಳು ಕೂತಿದ್ದರು. ಗುಮಾಸ್ತರು ಹಿಂದಕ್ಕೆ ತಿರುಗಿದರು. ಹಿಂದೆ ಹೆಂಡತಿ ನಿಂತಿದ್ದರು.

“ಅಸಲಿ ಸಾರ್, ನೂರಕ್ಕೆ ನೂರು,” ಎನ್ನುತ್ತಿದ್ದ ರಿಪೇರಿಯವನು. “ನಿಮ್ಮ ತಂದೆಯೋರು ಮಗು ಥರ ನೋಡ್ಕೊಂಡಿದಾರೆ. ಯಾವನು ಸಾರ್ ಇದನ್ನ ನಕಲಿ ಅಂದಿದ್ದು?”

ತಡಪ್ಪನಿಗೆ ಮಾತ್ರ ಪ್ರಶ್ನೆ ಕೇಳಿದರೆ ಉತ್ತರ ಹೇಳಬೇಕೆಂಬ ಮರ್ಯಾದೆ ಗೊತ್ತಿತ್ತು. “ಇವ್ರೇ,” ಎಂದು ತೋರಿಸಿದ.

ಮುಂದಿನ ಸರದಿ ಗುಮಾಸ್ತರ ವಾಚಿನದು. ಬೆನ್ನು ಬಿಚ್ಚಿದ ರಿಪೇರಿಯವನು ಒಳಗೆ ನೋಡಿ, ಮಸೂರ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು.

“ಸ್ವಾಮಿ, ಇದು ವಾಚಲ್ಲ, ಕೂಡುಕುಟುಂಬ. ಹೊಟ್ಟೆ ಒಂದು ಕಂಪನಿದು, ಮುಳ್ಳು ಇನ್ನೊಬ್ಬರ ಮನೇದು, ಈ ಸಣ್ಣ ಚಕ್ರ ಯಾವುದೋ ಗೋಡೆ ಗಡಿಯಾರದಿಂದ ದತ್ತು ಬಂದಿರೋದು. ಮುಖಕ್ಕೆ ಯಾರೋ ಕುಂಚದಲ್ಲಿ ಬಣ್ಣ ಬಳಿದಿದಾರೆ. ಕಂಪನಿ ಹೆಸರು ಓದಿದ್ರಾ? ಒಂದು ಅಕ್ಷರ ಜಾಸ್ತಿ ಇದೆ.”

“ತಾಳೆ ನೋಡಿದ್ದೆ,” ಎಂದರು ಗುಮಾಸ್ತರು, ಸಣ್ಣ ದನಿಯಲ್ಲಿ. ಜೇಬಿನಿಂದ ಮಡಿಸಿದ ಹಾಳೆ ತೆಗೆದರು. ತೆಗೆಯಬಾರದಿತ್ತು. ಆದರೆ ಇಪ್ಪತ್ತಾರು ವರ್ಷ ಯಾರು ಪ್ರಶ್ನಿಸಿದರೂ ಹಾಳೆ ತೆಗೆದು ತೋರಿಸಿಯೇ ಬಾಳಿದ ಕೈ ಅದು.

ರಿಪೇರಿಯವನು ಎರಡು ಚಿತ್ರಗಳನ್ನೂ ನೋಡಿದ. ಈ ಸಲ ನಗಲಿಲ್ಲ. ರೋಗಿಯ ಕಡೆಯವರಿಗೆ ಹೇಳುವಂತೆ ಮೆಲ್ಲಗೆ ಹೇಳಿದ. “ಎರಡೂ ಇದೇ ವಾಚು ಸ್ವಾಮಿ. ಒಂದ್ಸಲ ಮೇಜಿನ ಮೇಲಿಟ್ಟು ತೆಗೆದಿದಾನೆ, ಇನ್ನೊಂದ್ಸಲ ಟವಲಿನ ಮೇಲಿಟ್ಟು. ಅದಕ್ಕೇ ಗೀರೂ ಒಂದೇ.”

ಅಧಿಕಾರಿಗಳು ಕೈ ಚಾಚಿ ಹಾಳೆ ತೆಗೆದುಕೊಂಡರು. ಕೆಳಗಿನ ಮೊಹರನ್ನು ಓದಿದರು. ತಮ್ಮ ತಂದೆಯ ವಾಚಿಗೆ ಕೀಲಿ ಕೊಟ್ಟರು. ಕಿರ್‌ರ್, ಕಿರ್‌ರ್. ಮೆಟ್ಟಿಲ ಕೆಳಗೆ ಎಲ್ಲರೂ ಉಸಿರು ಹಿಡಿದು ನಿಂತರು. ಗುಮಾಸ್ತರು ಆಸೆಪಟ್ಟಿದ್ದ ಮೌನ ಕೊನೆಗೂ ಅವರಿಗೆ ಪೂರ್ತಿ ಸಿಕ್ಕಿತು. ಅವರು ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡಿಕೊಂಡರು. ಅವೂ ಅದೇ ಬೆಲೆಯವು. ಅಸಲಿ.

ಕಡೆಗೆ ಕನ್ನಡಕದ ಡಬ್ಬಿ ತೆರೆಯಿತು. ಮಾವನವರ ವಾಚನ್ನು ರಿಪೇರಿಯವನು ಹೆಚ್ಚು ಹೊತ್ತು ನೋಡಲೇ ಇಲ್ಲ. “ಇದನ್ನ ಬಿಚ್ಚೋದೇ ಬೇಡ ಸಾಹೇಬ್ರೇ. ಅಪ್ಪಟ.”

ಮಾವನವರ ಬೆನ್ನು ಎರಡು ದಿನದ ಬಳಿಕ ನೆಟ್ಟಗಾಯಿತು. ನೆಟ್ಟಗಾದದ್ದು ಅರ್ಧಕ್ಕೇ ನಿಂತಿತು, ಎದುರಿಗೆ ತಡಪ್ಪನಿದ್ದ.

ತಡಪ್ಪ ಹೆಗಲ ಟವಲನ್ನು ತೆಗೆದು ಕೊಡವಿ ಮತ್ತೆ ಹಾಕಿಕೊಂಡ. “ಹಾಗಾದ್ರೆ ನಾನೇ ತಡ. ಇರ್ಲಿ ಬಿಡಿ. ಎರಡು ದಿನ ಚೆನ್ನಾಗಿತ್ತು.” ಹೊರಟವನು ನಿಂತು ಗುಮಾಸ್ತರನ್ನು ಕೇಳಿದ, “ಪುಸ್ತಕದಲ್ಲಿ ಪೆನ್ನಲ್ಲಿ ಹೊಡೆದು ಹಾಕಿದ್ದು ಅಳಿಸೋಕೆ ಏನಾದ್ರೂ ಇದೆಯಾ ಸ್ವಾಮಿ? ಮಗು ಮತ್ತೆ ಬರೀಬೇಕಲ್ಲ.”

ಅಧಿಕಾರಿಗಳ ಮುಂದೆ ತಗ್ಗಿದ್ದ ತಲೆ ಇನ್ನೂ ತಗ್ಗಲು ಜಾಗವಿದೆಯೆಂದು ಗುಮಾಸ್ತರಿಗೆ ಆಗ ತಿಳಿಯಿತು.

ಮಾವನವರು ಕೆಮ್ಮಿದರು. “ಅಸಲಿ ಅನ್ನೋದು ಸರಿಯಪ್ಪ,” ಎಂದರು ರಿಪೇರಿಯವನಿಗೆ. “ಹೊತ್ತು ಸರಿ ತೋರ್ಸುತ್ತಾ? ಸ್ವಲ್ಪ ಮುಂದೆ ಓಡ್ತಿತ್ತೇನೋ ಅಂತ ನನಗೆ ಮೊದಲಿಂದ ಒಂದು ಅನುಮಾನ.”

ರಿಪೇರಿಯವನು ಮಸೂರ ತೆಗೆದು ಬರಿಗಣ್ಣಿಂದ ಸಾಹೇಬರನ್ನು ನೋಡಿದ, ತಡಪ್ಪನ ಟವಲನ್ನು ನೋಡಿದ. ವಾಚನ್ನು ಕಿವಿಗಿಟ್ಟುಕೊಂಡ.

“ಓಡುತ್ತೆ,” ಎಂದ. “ಎರಡು ನಿಮಿಷ.”

ದಿನಾ ರೇಡಿಯೊವನ್ನೇ ತಿದ್ದುವಷ್ಟು ಸರಿಯಾದ ಆ ವಾಚನ್ನು ಗುಮಾಸ್ತರು ಹದಿನೆಂಟು ವರ್ಷದಿಂದ ಕಂಡವರು. ಕೂಡಲೇ ಬಾಯಿ ತೆರೆದರು. ಹೆಂಡತಿ ಅವರ ಕಾಲು ತುಳಿದರು. ಬಾಯಿ ತೆರೆದದ್ದು ಆಕಳಿಕೆಯಾಗಿ ಮುಗಿಯಿತು.

ಮರುದಿನ ಕಚೇರಿಯಲ್ಲಿ ಆದೇಶ ಬಂತು: ಸರ್ಕಾರಿ ಮೊಹರನ್ನು ಖಾಸಗಿ ವಾಚಿಗೆ ಬಳಸಿದ್ದೇಕೆ, ಲಿಖಿತ ವಿವರಣೆ ಕೊಡಿ, ಮೂರು ದೃಢೀಕೃತ ನಕಲುಗಳೊಂದಿಗೆ. ಗುಮಾಸ್ತರು ಬರೆದರು: ‘ನಾನು ಒಂದೇ ವಸ್ತುವನ್ನು ಅದರೊಂದಿಗೇ ತಾಳೆ ನೋಡಿ ಸರಿಯಿದೆ ಎಂದು ತಿಳಿದೆ. ಅದೇ ಬಲದ ಮೇಲೆ ಒಂಬತ್ತು ನೆರೆಯವರನ್ನೂ ತಮ್ಮ ತಂದೆಯವರನ್ನೂ ನನ್ನ ಮಾವನವರನ್ನೂ ಅವಮಾನಿಸಿದೆ.’ ನಕಲುಗಳನ್ನು ದೃಢೀಕರಿಸುವ ವಿಭಾಗ ಅವರದೇ. ಇಡೀ ಕಚೇರಿ ಎದ್ದು ನಿಂತು ನೋಡುತ್ತಿರಲು, ಎರಡು ಬೆರಳುಗಳನ್ನು ತಮ್ಮ ತಪ್ಪೊಪ್ಪಿಗೆಯ ಮೇಲೆ ಮೂರು ಸಲ ಅಕ್ಷರಕ್ಕಕ್ಷರ ನಡೆಸಿ, ಮೂರು ಸಲ ಮೊಹರು ಒತ್ತಿದರು. ಸರಿಯಿದೆ. ಸರಿಯಿದೆ. ಸರಿಯಿದೆ.

ವಾರ ಕಳೆದ ಮೇಲೆ ಆ ಮೇಜಿಗೆ ಒಂದು ಅರ್ಜಿ ಬಂತು. ಜೊತೆಗೆ ಸೈರನ್ ಸಾಹೇಬರ ಕೈಬರಹದ ಪತ್ರ: ‘ನನ್ನ ವಾಚು ಎರಡು ನಿಮಿಷ ಮುಂದೆ ಓಡುತ್ತಿತ್ತು. ಈ ವ್ಯಕ್ತಿ ಗಿರಣಿಗೆ ಎಂದೂ ತಡವಾಗಿ ಬಂದವರಲ್ಲ.’ ಅದರ ದೃಢೀಕೃತ ನಕಲು ಬೇಕು. ಅಸಲನ್ನು ಪೆಟ್ಟಿಗೆಯಲ್ಲಿಟ್ಟು ನಕಲನ್ನು ಗೋಡೆಗೆ ಹಾಕುವುದಕ್ಕೆ. ಗುಮಾಸ್ತರು ನಕಲು ತೆಗೆದು ಅಧಿಕಾರಿಗಳ ಸಹಿಗೆ ಒಯ್ದರು.

“ಇದು ನಿಜವೇನ್ರೀ?”

“ನಕಲು ಅಸಲಿನ ಹಾಗೇ ಇದೆ ಸಾರ್.”

“ನಾನು ಕೇಳಿದ್ದು ಅಸಲು ನಿಜವೇ ಅಂತ. ಆವತ್ತು ರಿಪೇರಿ ಅಂಗಡೀಲಿ ನಾನೂ ಇದ್ದೆ.”

ಗುಮಾಸ್ತರ ಕಿವಿ ಕೆಂಪಾಯಿತು. “ಅದು ನಮ್ಮ ವಿಭಾಗಕ್ಕೆ ಬರಲ್ಲ ಸಾರ್.”

ಅಧಿಕಾರಿಗಳು ಅವರ ಮುಖವನ್ನು ಒಂದು ನಿಮಿಷ ನೋಡಿ, ಸಹಿ ಹಾಕಿದರು.

ನಕಲು ಪಡೆಯಲು ಅರ್ಜಿದಾರರು ಹನ್ನೊಂದು ಗಂಟೆಗೆ ಸರಿಯಾಗಿ ಹಾಜರಿರಬೇಕೆಂದು ಚೀಟಿ ಹೋಯಿತು. ಆ ದಿನ ಮಾವನವರು ಹತ್ತೂವರೆಗೇ ಬಂದು ಬೆಂಚಿನ ಮೇಲೆ ಕೂತರು. ಗುಮಾಸ್ತರ ಕೈಯಲ್ಲೂ ವಾಚಿತ್ತು, ಅದೇ ಕೂಡುಕುಟುಂಬ. “ಜ್ಞಾಪಕ ಇರ್ಲಿ, ಕಟ್ಕೊಂಡೇ ಹೋಗಿ,” ಎಂದು ಹೆಂಡತಿ ಕಟ್ಟಿ ಕಳಿಸಿದ್ದರು. ಹನ್ನೊಂದಾಯಿತು. ಹನ್ನೊಂದೂಕಾಲಾಯಿತು. ಮಾವನವರು ಬಾಗಿಲು ನೋಡುವರು, ವಾಚು ನೋಡುವರು.

ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ತಡಪ್ಪ ಏದುಸಿರು ಬಿಡುತ್ತ ಬಂದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಗುಮಾಸ್ತರು ಅರ್ಜಿಯಲ್ಲಿದ್ದ ಹೆಸರನ್ನು, ಅವನ ಅಪ್ಪ ಇಟ್ಟ ಹೆಸರನ್ನು, ಗಟ್ಟಿಯಾಗಿ ಕೂಗಿದರು. ತಡಪ್ಪ ತಿರುಗಿ ತನ್ನ ಹಿಂದೆ ಯಾರಿದ್ದಾರೆಂದು ನೋಡಿದ.

“ನೀವೇ. ಬನ್ನಿ.”

ತಡಪ್ಪ ಮೇಜಿನ ಮುಂದೆ ಬಂದು, ಬೆಂಚಿನ ಮೇಲಿದ್ದ ಸಾಹೇಬರನ್ನು ಕಂಡು ಕುಗ್ಗಿಹೋದ. “ಸ್ವಾಮಿ... ತಡವಾಯ್ತಾ?”

ಮಾವನವರ ಮಣಿಕಟ್ಟು ಮೂವತ್ತೊಂದು ವರ್ಷದ ಅಭ್ಯಾಸದಿಂದ ತಾನಾಗಿ ಮೇಲೆದ್ದಿತು, ಬಾಯಿಯೂ ಅರ್ಧ ತೆರೆಯಿತು. ಅದಕ್ಕೆ ಮುಂಚೆ ಗುಮಾಸ್ತರು ತಮ್ಮ ವಾಚು ನೋಡಿಕೊಂಡರು. ದತ್ತು ಬಂದ ಚಕ್ರ ಎಲ್ಲೋ ಸಿಕ್ಕಿಕೊಂಡು, ಆ ವಾಚು ಹನ್ನೊಂದಕ್ಕೆ ಸರಿಯಾಗಿ ನಿಂತುಬಿಟ್ಟಿತ್ತು.

“ಹನ್ನೊಂದು,” ಎಂದು ಅವರು ಓದಿದರು. ಇದ್ದದ್ದನ್ನು ಇದ್ದ ಹಾಗೆ. “ಸರಿಯಾದ ಹೊತ್ತಿಗೆ ಬಂದಿದೀರಿ.”

ಮಾವನವರು ತಮ್ಮ ವಾಚನ್ನು ತೋಳಿನೊಳಕ್ಕೆ ಸರಿಸಿಕೊಂಡು ಕಿಟಕಿಯಾಚೆ ನೋಡತೊಡಗಿದರು.

ತಡಪ್ಪ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. “ದೊಡ್ಡ ಉಪಕಾರ ಆಯ್ತು, ನಕಲಿ ಗುಮಾಸ್ತರೇ.”

ಗುಮಾಸ್ತರು ತಿದ್ದಲಿಲ್ಲ.